ಆರ್ಥರ್ ಕ್ಲಾರ್ಕ್: ಕಥೆ ಬಿಟ್ಟು ಬರೆದದ್ದು

ಆರ್ಥರ್ ಸಿ. ಕ್ಲಾರ್ಕ್ ಅಂದರೆ ತಕ್ಷಣ ನೆನಪಾಗೋದು ‘2001: ಎ ಸ್ಪೇಸ್ ಒಡಿಸ್ಸಿ’. ಆದರೆ ಕಥೆಯಲ್ಲದ್ದನ್ನೂ ಅವರು ರಾಶಿ ರಾಶಿ ಬರೆದಿದ್ದಾರೆ. ನನಗಂತೂ ಆ ಬರಹಗಳ ಮೇಲೇ ಪ್ರೀತಿ ಜಾಸ್ತಿ.

1945ರ ಅಕ್ಟೋಬರ್. ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಅವರದೊಂದು ಲೇಖನ. ಆಗ ಅವರಿಗೆ 27 ವರ್ಷ, ವಾಯುಪಡೆಯಲ್ಲಿ ರೇಡಾರ್ ಕೆಲಸ. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿಯ ಜೊತೆಗೇ ತಿರುಗುತ್ತೆ. ಕೆಳಗಿನಿಂದ ನೋಡಿದರೆ ನಿಂತಲ್ಲೇ ನಿಂತ ಹಾಗೆ ಕಾಣುತ್ತೆ. ಅಂಥ ಮೂರಿದ್ದರೆ ಹೆಚ್ಚುಕಡಿಮೆ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು ಅಂತ ಲೆಕ್ಕ ಹಾಕಿ ತೋರಿಸಿದರು. ಮೊದಲ ಉಪಗ್ರಹ ಮೇಲೇರೋಕೆ ಇನ್ನೂ 12 ವರ್ಷ ಬಾಕಿ ಇತ್ತು!

1975ರಲ್ಲಿ ಅಂಥದ್ದೇ ಕಕ್ಷೆಯ ಉಪಗ್ರಹದಿಂದ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಟಿವಿ ಬಂತು. ತಂತಿಜಾಲರಿಯ ದೊಡ್ಡ ಡಿಶ್, ಮುಂದೆ ಕೂತ ಊರ ಜನ, ಪರದೆಯಲ್ಲಿ ಕನ್ನಡ ಕಾರ್ಯಕ್ರಮ.

1956ರಲ್ಲಿ ಕ್ಲಾರ್ಕ್ ಶ್ರೀಲಂಕಾಕ್ಕೆ ಹೋಗಿ ನೆಲೆಸಿದರು. ಅಲ್ಲಿಂದ ಅವರ ಬರಹ ಸಮುದ್ರಕ್ಕಿಳಿಯಿತು. ನೀರಿನಡಿ ತೇಲುವಾಗ ಗಗನಯಾತ್ರಿಯ ತೂಕವಿಲ್ಲದ ಅನುಭವ ಸಿಗುತ್ತೆ ಅನ್ನೋದೇ ಅವರನ್ನು ಸೆಳೆದದ್ದು. 1961ರಲ್ಲಿ ಅವರ ಗೆಳೆಯ ಮೈಕ್ ವಿಲ್ಸನ್‌ಗೆ ಅಲ್ಲಿನ ಸಮುದ್ರದ ಗ್ರೇಟ್ ಬಾಸಸ್ ಅನ್ನೋ ಬಂಡೆದಿಬ್ಬದ ಹತ್ತಿರ ಮುಳುಗಿದ ಹಡಗಿನ ಬೆಳ್ಳಿ ಸಿಕ್ಕಿತು: ಔರಂಗಜೇಬನ ಕಾಲದ ರೂಪಾಯಿಗಳು. ಚೀಲ ಕೊಳೆತು ಹೋಗಿದ್ದರೂ ನಾಣ್ಯಗಳು ಚೀಲದ ಆಕಾರದಲ್ಲೇ ಗಟ್ಟಿಯಾಗಿ ಅಂಟಿಕೊಂಡಿದ್ದವು. ಆ ಕಥೆಯೆಲ್ಲ ‘ದಿ ಟ್ರೆಷರ್ ಆಫ್ ದಿ ಗ್ರೇಟ್ ರೀಫ್’ ಪುಸ್ತಕದಲ್ಲಿದೆ. ಕ್ಲಾರ್ಕ್ ಅವರನ್ನು ಹೊಸದಾಗಿ ಓದೋರು ಇಲ್ಲಿಂದಲೇ ಶುರು ಮಾಡಿ.