ಮೀನಿನ ಕಿವಿಗಲ್ಲು

ಮೀನಿನ ಕಿವಿ ಎಲ್ಲಿ ಎಂದು ಕೇಳಿದರೆ ಹಲವರು ಕಿವಿರು ತೋರಿಸುತ್ತಾರೆ. ಕಿವಿರು ಉಸಿರಾಟಕ್ಕೆ. ಕಿವಿ ಇರುವುದು ತಲೆಬುರುಡೆಯೊಳಗೆ, ಮಿದುಳಿನ ಮಗ್ಗುಲಲ್ಲಿ. ಹೊರಗೆ ತೂತೇ ಇಲ್ಲ. ಒಂದೊಂದು ಕಿವಿಯಲ್ಲಿ ಮೂರು ಬಿಳಿ ಸುಣ್ಣದ ಹರಳುಗಳಿರುತ್ತವೆ; ಇವೇ ಕಿವಿಗಲ್ಲು. ಸದ್ದು ಕೇಳಲು, ಸಮತೋಲ ಕಾಯಲು ಅವು ಬೇಕು. ಯುರೋಪಿನಲ್ಲಿ ಹಿಂದೆ ಇವನ್ನೇ ಹೊಟ್ಟೆಶೂಲೆಗೆ ಮದ್ದೆಂದು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಸುಣ್ಣದ ಹರಳು ಕಟ್ಟಿಕೊಂಡರೆ ಶೂಲೆ ಹೋಗುವುದಿಲ್ಲ.

ಕಿವಿಗಲ್ಲಿನ ನಿಜವಾದ ಗುಣ ಬೇರೆ. 1971ರಲ್ಲಿ ಜಾರ್ಜಿಯೊ ಪನೆಲ್ಲಾ ಈ ಕಲ್ಲಿನಲ್ಲಿ ದಿನಕ್ಕೊಂದು ಪದರ ಕೂಡುವುದನ್ನು ತೋರಿಸಿದರು. ಎಲುಬು ಕರಗಿ ಮತ್ತೆ ಕಟ್ಟಿಕೊಳ್ಳುತ್ತದೆ; ಕಿವಿಗಲ್ಲಿನ ಪದರ ಕೂತಲ್ಲೇ ಉಳಿಯುತ್ತದೆ. ಆಯಾ ದಿನದ ನೀರಿನಲ್ಲಿದ್ದ ಸ್ಟ್ರಾನ್ಷಿಯಂ, ಬೇರಿಯಂ ಲೋಹಗಳೂ ಲೇಶಮಾತ್ರ ಸುಣ್ಣದ ಕ್ಯಾಲ್ಸಿಯಂ ಜಾಗಕ್ಕೆ ನುಸುಳಿ ಕೂರುತ್ತವೆ.

ಸಾಲ್ಮನ್ ಮೀನು ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಮರಳುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಸ್ಟ್ರಾನ್ಷಿಯಂ ಇದೆ. ಹೊಳೆಗಳಲ್ಲಿ ಸಾಮಾನ್ಯವಾಗಿ ಬಹಳ ಕಡಿಮೆ. ಕಲ್ಲನ್ನು ತೆಳ್ಳಗೆ ಉಜ್ಜಿ, ನಡುವಿನಿಂದ ಅಂಚಿನವರೆಗೆ ಲೇಸರ್ ಹಾಯಿಸಿ ಅಳೆದರೆ ಮೀನು ಕಡಲು ಸೇರಿದ ಕಾಲ ಸಿಕ್ಕಿಬೀಳುತ್ತದೆ. ಅಲಾಸ್ಕಾದ ನುಶಗಾಕ್ ನದಿಯ ಸಾಲ್ಮನ್‌ಗಳು ಯಾವ ಉಪನದಿಯವು ಎಂಬುದನ್ನು 2015ರಲ್ಲಿ ಪತ್ತೆಹಚ್ಚಿದ್ದೂ ಇಂಥದೇ ಲೇಸರ್ ಅಳತೆಯಿಂದ; ಆದರೆ ಅಲ್ಲಿ ನೋಡಿದ್ದು ಸ್ಟ್ರಾನ್ಷಿಯಂನ ಬೇರೆಬೇರೆ ತೂಕದ ಪರಮಾಣುಗಳ (ಐಸೊಟೋಪ್) ಪಾಲನ್ನು.

ಇದಕ್ಕಿಂತ ಸೋಜಿಗ ಕಲ್ಲಿನ ನಟ್ಟನಡುವೆ ಇದೆ. ಸಾಲ್ಮನ್ ಬಳಗದ ರೇನ್‌ಬೋ ಟ್ರೌಟ್‌ಗಳಲ್ಲಿ ಕೆಲವು ಹೊಳೆ ಬಿಟ್ಟು ಕದಲುವುದೇ ಇಲ್ಲ. ಅವುಗಳಲ್ಲೂ ಕೆಲವಕ್ಕೆ ನಡುವಿನಲ್ಲಿ ಸ್ಟ್ರಾನ್ಷಿಯಂ ಹೆಚ್ಚು. ಅದು ತಾಯಿ ಕೊಟ್ಟದ್ದು! ತಾಯಿ ಕಡಲಲ್ಲಿದ್ದಾಗ ತತ್ತಿಯ ಹಳದಿ ಕಟ್ಟಿತ್ತು. ಅದನ್ನುಂಡೇ ಮರಿಯ ಮೊದಲ ಪದರಗಳು ಬೆಳೆದವು. ಮಗುವಿನ ಕಿವಿಯಲ್ಲಿ ತಾಯಿಯ ಪ್ರಯಾಣ ಬರೆದಿಡುವ ಇಂಥ ಕಡತ ಪ್ರಾಣಿಲೋಕದಲ್ಲಿ ಅಪರೂಪ.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ನಮ್ಮ ಸರಸಂಬಾ ಸೀಮೆಗೆ ಸಾಲ್ಮನ್ ಬರುವುದಿಲ್ಲ. ಆದರೆ ಕಿವಿಗಲ್ಲು ಓದಲು ಇಲ್ಲಿನ ನೆಲ ಹೇಳಿ ಮಾಡಿಸಿದಂತಿದೆ. ಆಳಂದದ ಎರೆಮಣ್ಣಿನ ಕೆಳಗಿರುವುದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾದ ಕರಿಗಲ್ಲು. ಅಮರ್ಜಾ ಹೊಳೆ ಅದರ ಮೇಲೆ ಹರಿದು, ಕೋರಳ್ಳಿಯ ಜಲಾಶಯ ದಾಟಿ, ಗಾಣಗಾಪುರದ ಸಂಗಮದಲ್ಲಿ ಭೀಮಾ ನದಿಗೆ ಸೇರುತ್ತದೆ. ಭೀಮೆ ಮುಂದೆ ಜೇವರ್ಗಿ ಕಡೆ ಸಾಗಿ ಫರಸಿಯ ಸುಣ್ಣಗಲ್ಲಿನ ಸೀಮೆ ಹೊಗುತ್ತದೆ. ಆ ಕಲ್ಲು ಲಾವಾಕ್ಕಿಂತ ಬಹಳ ಹಳೆಯದು. ಕಲ್ಲು ಬದಲಾದರೆ ನೀರಿನ ಸ್ಟ್ರಾನ್ಷಿಯಂನ ಐಸೊಟೋಪ್ ಗುರುತೂ ಬದಲಾಗುತ್ತದೆ, ಆ ನೀರಲ್ಲಿ ಬೆಳೆದ ಮೀನಿನ ಕಿವಿಗಲ್ಲಿಗೂ ಅದು ಇಳಿಯುತ್ತದೆ.

ಜಲಾಶಯಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳು ಬೆಳೆದು ಬಂದದ್ದು ಬೇರೆ ಕೊಳದ ನೀರಿನಲ್ಲಿ. ಬಲೆಗೆ ಬಿದ್ದ ಮೀನು ಬಿಟ್ಟ ಮರಿಯೋ, ಹೊಳೆಯಲ್ಲೇ ಹುಟ್ಟಿದ್ದೋ ಎಂದು ಬೆಸ್ತರಿಗೂ ಮೀನುಗಾರಿಕೆ ಇಲಾಖೆಗೂ ಕಿವಿಗಲ್ಲಿನಿಂದ ಹೇಳಬಹುದು. ಸಂತೆಯಲ್ಲಿ ಕೊಯ್ದು ಎಸೆಯುವ ತಲೆಗಳನ್ನೇ ಕೂಡಿಸಿ, ಸಿಕ್ಕ ಜಾಗದ ಚೀಟಿ ಹಚ್ಚಿದರೆ ಕೆಲಸ ಶುರುವಾಗುತ್ತದೆ.