ಮಕ್ಕಳ ಕೈಗೆ ಹಾಲೊಕಾಸ್ಟ್ ಕಥೆ ಕೊಡುವಾಗ

ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಅವರಲ್ಲಿ ಹೆಚ್ಚುಕಡಿಮೆ 15 ಲಕ್ಷ ಮಂದಿ ಮಕ್ಕಳು. ಹಾಲೊಕಾಸ್ಟ್ ಎಂದು ಹೆಸರಾದ ಈ ನರಮೇಧವನ್ನು ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇಂದಿನ ಎಷ್ಟೋ ಮಕ್ಕಳಿಗೆ ಅದರ ಮೊದಲ ಪರಿಚಯ ಆಗುವುದು ಹದಿಹರೆಯದವರಿಗೆಂದೇ ಬರೆದ ಕಾದಂಬರಿಗಳಿಂದ. ಹಾಗಾಗಿ ಓದಿದವರ ಕಣ್ಣು ತೇವವಾಯಿತೇ ಎಂಬುದೊಂದರಿಂದಲೇ ಈ ಪುಸ್ತಕಗಳ ಬೆಲೆ ಕಟ್ಟುವಂತಿಲ್ಲ. ಪಾತ್ರಗಳನ್ನು ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಲೇಖಕರಿಗೆ ಖಂಡಿತ ಇದೆ. ಆದರೆ ಆ ಪಾತ್ರಗಳನ್ನು ಬಲಿ ತೆಗೆದುಕೊಂಡ ವ್ಯವಸ್ಥೆಯನ್ನು ತಮಗೆ ಬೇಕಾದಂತೆ ತಿದ್ದುವ ಸ್ವಾತಂತ್ರ್ಯ ಇಲ್ಲ.

ಐರ್ಲೆಂಡಿನ ಜಾನ್ ಬಾಯ್ನ್ 2006ರಲ್ಲಿ ಪ್ರಕಟಿಸಿದ ‘ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್’ ಕಾದಂಬರಿಯನ್ನು ನೋಡಿ. ಔಶ್ವಿಟ್ಜ್ ಯಾತನಾ ಶಿಬಿರದ ಮುಖ್ಯಾಧಿಕಾರಿಯ ಮಗ ಬ್ರೂನೋಗೆ ಒಂಬತ್ತು ವರ್ಷ. ಬೇಲಿಯ ಆಚೆ ಕೂರುವ ಯಹೂದಿ ಹುಡುಗ ಶ್ಮುಯೆಲ್ ಜತೆ ಅವನು ತಿಂಗಳುಗಟ್ಟಲೆ ಹರಟುತ್ತಾನೆ, ಕೊನೆಗೆ ಬೇಲಿಯಡಿ ನುಸುಳಿ ಒಳಗೆ ಹೋಗುತ್ತಾನೆ. ನಿಜದ ಔಶ್ವಿಟ್ಜ್‌ನಲ್ಲಿ ತಂತಿಬೇಲಿಗೆ ವಿದ್ಯುತ್ ಹರಿಸಿದ್ದರು, ಕಾವಲು ಗೋಪುರಗಳಲ್ಲಿ ಬಂದೂಕುಧಾರಿಗಳಿದ್ದರು. ಅಲ್ಲಿಗೆ ತಂದ ಯಹೂದಿ ಮಕ್ಕಳಲ್ಲಿ ಹೆಚ್ಚಿನವರನ್ನು ರೈಲಿನಿಂದ ಇಳಿಸಿದ ಸ್ವಲ್ಪ ಹೊತ್ತಿನಲ್ಲೇ ವಿಷಾನಿಲ ಕೋಣೆಗೆ ಕಳಿಸಲಾಗುತ್ತಿತ್ತು. ಬ್ರೂನೋನ ಮುಗ್ಧತೆಯೂ ನಂಬುವಂಥದ್ದಲ್ಲ. ಯಹೂದಿದ್ವೇಷ ಆಗ ಜರ್ಮನಿಯ ಶಾಲೆಗಳ ಪಾಠದಲ್ಲೇ ಸೇರಿತ್ತು. ಎಲ್ಲಕ್ಕಿಂತ ಚಿಂತೆಗೀಡುಮಾಡುವುದು ಮುಕ್ತಾಯ. ಇಬ್ಬರು ಹುಡುಗರೂ ಒಟ್ಟಿಗೆ ಸಾಯುತ್ತಾರಾದರೂ ಓದುಗರ ಮರುಕವೆಲ್ಲ ನುಸುಳಿ ಒಳಗೆ ಹೋದ ಅಧಿಕಾರಿಯ ಮಗನ ಕಡೆಗೇ ಹರಿಯುತ್ತದೆ. ಹಾಲೊಕಾಸ್ಟ್ ಬಗ್ಗೆ ಕಲಿಯುವವರು, ಕಲಿಸುವವರು ಈ ಪುಸ್ತಕವನ್ನು ಬಳಸದಿರುವುದೇ ಒಳ್ಳೆಯದು ಎಂದು ಔಶ್ವಿಟ್ಜ್ ಸ್ಮಾರಕವೇ 2020ರಲ್ಲಿ ಹೇಳಿತು.

ಅಮೆರಿಕದ ಲೋಯಿಸ್ ಲೌರಿ 1989ರಲ್ಲಿ ಬರೆದ ‘ನಂಬರ್ ದಿ ಸ್ಟಾರ್ಸ್’ ಇನ್ನೊಂದು ದಾರಿ ತೋರಿಸುತ್ತದೆ. 1943ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಜನ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದ ಘಟನೆಯೇ ಇದರ ಹಿನ್ನೆಲೆ. ಹತ್ತು ವರ್ಷದ ಆನ್‌ಮರೀ ಬುಟ್ಟಿಯಲ್ಲಿ ಒಂದು ಪೊಟ್ಟಣ ಬಚ್ಚಿಟ್ಟುಕೊಂಡು ಮಾವನ ದೋಣಿಯತ್ತ ಓಡುತ್ತಾಳೆ. ನಾಯಿಗಳೊಂದಿಗೆ ಸೈನಿಕರು ಅಡ್ಡಗಟ್ಟಿ ಬುಟ್ಟಿ ಜಾಲಾಡುತ್ತಾರೆ. ಪೊಟ್ಟಣದಲ್ಲಿ ಸಿಗುವುದು ಬರೀ ಒಂದು ಕರವಸ್ತ್ರ. ಅದಕ್ಕೆ ಒಣರಕ್ತ ಮತ್ತು ಕೊಕೇನ್ ಸವರಿದ್ದಾರೆ. ರಕ್ತದ ವಾಸನೆಗೆ ಹತ್ತಿರ ಬಂದ ನಾಯಿ ಮೂಸುತ್ತಿದ್ದಂತೆ ಕೊಕೇನಿನಿಂದ ಅದರ ಮೂಗು ಮರಗಟ್ಟುತ್ತದೆ, ದೋಣಿಯಲ್ಲಿ ಅಡಗಿದವರ ಸುಳಿವು ಅದಕ್ಕೆ ಹತ್ತುವುದಿಲ್ಲ. ಹುಡುಗಿ ಕಲ್ಪಿತೆ, ಆದರೆ ಕರವಸ್ತ್ರ ನಿಜ. ಯಾವುದು ಕಲ್ಪನೆ, ಯಾವುದು ಚರಿತ್ರೆ ಎಂದು ಲೌರಿ ಪುಸ್ತಕದ ಕೊನೆಯಲ್ಲಿ ತಾವೇ ಬಿಡಿಸಿ ಹೇಳಿದ್ದಾರೆ.

ಬಾಯ್ನ್ ತಮ್ಮ ಕೃತಿಯನ್ನು ನೀತಿಕಥೆ ಎಂದೇ ಕರೆದಿದ್ದಾರಲ್ಲ, ಅದಕ್ಕೆ ದಾಖಲೆಯ ಹಂಗೇಕೆ ಎಂದು ಕೇಳಬಹುದು. ಊರು-ಕಾಲ ಯಾವುದೆಂದು ಹೇಳದ ಕಥೆಗಾದರೆ ಈ ಮಾತು ಒಪ್ಪುತ್ತದೆ. ಕೊಲೆಯಾದವರ ಜಾಗವನ್ನೇ ರಂಗವಾಗಿ ಆರಿಸಿಕೊಂಡ ಮೇಲೆ ಆ ಜಾಗದ ಸತ್ಯಕ್ಕೆ ಬದ್ಧರಾಗಲೇಬೇಕು. ಇದ್ದದ್ದನ್ನು ಇದ್ದಂತೆ ಹೇಳಿದರೆ ಎಳೆಯ ಮನಸ್ಸು ತಡೆದೀತೇ ಎಂಬ ಅಳುಕು ಸಹಜ. ಆದರೆ ಎಲ್ಲ ಕ್ರೌರ್ಯವನ್ನೂ ಮಕ್ಕಳ ಮುಂದೆ ಸುರಿಯಬೇಕಿಲ್ಲ. ಲೌರಿ ಶಿಬಿರದೊಳಕ್ಕೆ ಕಾಲಿಡುವುದೇ ಇಲ್ಲ. ಎಷ್ಟು ಹೇಳಬೇಕೆಂಬುದನ್ನು ಓದುಗರ ವಯಸ್ಸು ನಿರ್ಧರಿಸಲಿ, ಹೇಳಿದ್ದು ಮಾತ್ರ ಸುಳ್ಳಾಗದಿರಲಿ. ಪಾರಾದವರ ಕಥೆಗಳೇ ಹೆಚ್ಚಾದರೆ ಚಿತ್ರ ಹುಸಿಯಾಗುವುದಿಲ್ಲವೇ ಎಂಬ ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಡೆನ್ಮಾರ್ಕ್ ಒಂದು ಅಪವಾದ. ಯೂರೋಪಿನ ಪ್ರತಿ ಮೂವರು ಯಹೂದಿಗಳಲ್ಲಿ ಇಬ್ಬರು ಬದುಕುಳಿಯಲಿಲ್ಲ. ಹಾಗಾಗಿ ಎಷ್ಟೇ ಪ್ರಾಮಾಣಿಕವಾದ ಕಾದಂಬರಿಯೂ ಒಂಟಿಯಾಗಿ ಸಾಲದು. ಅದರ ಪಕ್ಕದಲ್ಲಿ 1945ರಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡ ಆನ್ ಫ್ರಾಂಕ್‌ಳ ದಿನಚರಿ ಇರಬೇಕು.

ನಮ್ಮ ಮಕ್ಕಳಿಗೆ ಈ ಚರಿತ್ರೆಯನ್ನು ನೆನಪಿನಿಂದ ಹೇಳಿ ತಿದ್ದಬಲ್ಲ ಅಜ್ಜ-ಅಜ್ಜಿಯರು ಮನೆಯಲ್ಲಿಲ್ಲ. ಅವರ ಮಟ್ಟಿಗೆ ಪುಸ್ತಕ ಹೇಳಿದ್ದೇ ನಿಜ. ಆದ್ದರಿಂದ ಇಂಥ ಕಾದಂಬರಿ ಕೊಡುವ ಮೊದಲು ಪೋಷಕರೂ ಶಿಕ್ಷಕರೂ ಅದನ್ನು ತಾವು ಓದಲಿ. ಓದಿ ಮುಗಿಸಿದ ಮಗುವಿನ ಜತೆ ಕೂತು, ಇದರಲ್ಲಿ ನಿಜವಾಗಿ ನಡೆದದ್ದು ಯಾವುದು ಎಂದು ಹುಡುಕಲಿ. ಸತ್ತವರ ಪರವಾಗಿ ನಾವು ಮಾಡಬಹುದಾದ ಕನಿಷ್ಠ ಕೆಲಸ ಇದು.