ದಾರಿಯ ಬುತ್ತಿ

ದಾರಿಯಲ್ಲಿ ಒದಗಿಬರುವ ವಸ್ತುವಿಗೆ ಸಂಸ್ಕೃತದಲ್ಲಿ ಪಾಥೇಯವೆಂದು ಹೆಸರು. ನಮ್ಮ ಹಳ್ಳಿಗರು ಅದನ್ನೇ ಬುತ್ತಿಯೆನ್ನುತ್ತಾರೆ. ನೆರೆಯೂರಿನ ಸಂತೆಗೆ ಹೋಗುವವನಿಗೆ ರೊಟ್ಟಿ, ಚಟ್ನಿಪುಡಿಗಳ ಗಂಟು ಸಾಕು. ಆದರೆ ಹದಿನೆಂಟರ ಹರೆಯದವನು ವರ್ಷಗಟ್ಟಲೆ ಸಮುದ್ರದಾಚೆ ಇರಬೇಕಾಗಿ ಬಂದಾಗ ಅವನ ಬುತ್ತಿಯಲ್ಲಿ ಏನೇನನ್ನು ಕಟ್ಟಬೇಕು? ಮಕ್ಕಳು ವ್ಯಾಸಂಗಕ್ಕಾಗಿ ಪರದೇಶಗಳಿಗೆ ತೆರಳುವುದು ಅಪೂರ್ವವಲ್ಲದ ಈ ದಿನಗಳಲ್ಲಿ ಪಾಲಕರೂ ಉಪಾಧ್ಯಾಯರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಇದಕ್ಕೆ ಉತ್ತರವಾಗಿ, ಎಲ್ಲರಿಗೂ ಪರಿಚಿತವಾದ ಒಂದು ಪ್ರಯಾಣವನ್ನು ಸಿದ್ಧತೆಯ ದೃಷ್ಟಿಯಿಂದ ಇಲ್ಲಿ ಸ್ಥೂಲವಾಗಿ ವಿಚಾರಿಸಬಹುದು. ಅದು 1888ರಲ್ಲಿ ಮೋಹನದಾಸ ಕರಮಚಂದ ಗಾಂಧಿಯವರು ಬ್ಯಾರಿಸ್ಟರ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ಕೈಗೊಂಡ ಪ್ರಯಾಣ. ಅದರ ವಿವರಗಳನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ನಿಸ್ಸಂಕೋಚವಾಗಿ ಬರೆದಿಟ್ಟಿದ್ದಾರೆ.

ಮೊದಲನೆಯದು ದ್ರವ್ಯ. ಕುಟುಂಬದ ಹಿತೈಷಿಗಳಾದ ಮಾವಜಿ ದವೆಯವರು ನಾಲ್ಕೈದು ಸಾವಿರ ರೂಪಾಯಿಗಳ ವೆಚ್ಚವನ್ನು ಅಂದಾಜು ಮಾಡಿದ್ದರು. ತಂದೆ ತೀರಿಹೋಗಿದ್ದರು. ಪೋರಬಂದರಿನ ಬ್ರಿಟಿಷ್ ಆಡಳಿತಾಧಿಕಾರಿಯನ್ನು ಕಂಡು ಸಹಾಯ ಬೇಡಿದರೆ, ಮೊದಲು ಬಿ.ಎ. ಮುಗಿಸಿ ಬಾ ಎಂಬ ಉತ್ತರ ದೊರೆಯಿತು. ಕಡೆಗೆ ಹಿರಿಯಣ್ಣನೇ ಆ ಭಾರವನ್ನು ಹೊತ್ತನು. ಮುಂಬಯಿಯಲ್ಲಿ ಮೋಢ ವಣಿಕರ ಜಾತಿಪಂಚಾಯಿತಿಯು ಸಮುದ್ರಯಾನವನ್ನು ನಿಷೇಧಿಸಿ, ಹುಡುಗನನ್ನು ಜಾತಿಯಿಂದ ಹೊರಗಿಟ್ಟಿತು. ಅವನಿಗೆ ನೆರವಾದವರಿಗೂ ಹಡಗುಕಟ್ಟೆಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಲಾಯಿತು. ಹಣವನ್ನು ಇಟ್ಟುಕೊಂಡಿದ್ದ ಭಾವನು ಜಾತಿಗೆ ಅಂಜಿ ಕೊಡಲೊಲ್ಲದೆ ಹೋದಾಗ, ಕುಟುಂಬದ ಸ್ನೇಹಿತರೊಬ್ಬರು ಸಾಲ ಕೊಟ್ಟು ಪ್ರಯಾಣವನ್ನು ಉಳಿಸಿದರು. ವಿದ್ಯಾರ್ಥಿಯೊಬ್ಬನ ಬಾಳು ಹೀಗೆ ಸಕಾಲದ ಒಂದು ಕೈನೆರವಿನ ಮೇಲೆ ನಿಂತಿರುವುದುಂಟು ಎಂಬುದನ್ನು ದಾನಿಗಳಾದವರು ಮನಗಾಣಬೇಕು.

ಎರಡನೆಯದು ವ್ರತ. ತಾಯಿ ಪುತಲೀಬಾಯಿಯವರಿಗೆ ಮಗನ ನಡತೆ ಕೆಟ್ಟೀತೆಂಬ ಭಯವಿತ್ತು. ಜೈನ ಸಾಧುಗಳಾದ ಬೇಚರಜಿ ಸ್ವಾಮಿಯವರು ಮದ್ಯ, ಮಾಂಸ, ಪರಸ್ತ್ರೀ ಎಂಬ ಮೂರನ್ನೂ ಮುಟ್ಟೆನೆಂದು ಹುಡುಗನಿಂದ ಪ್ರತಿಜ್ಞೆ ಮಾಡಿಸಿದ ಬಳಿಕವೇ ಆಕೆ ಒಪ್ಪಿದಳು. ಲಂಡನ್ನಿನಲ್ಲಿ ಗೆಳೆಯರು ಮಾಂಸ ತಿನ್ನೆಂದು ಒತ್ತಾಯಿಸಿದಾಗ ಕಾಪಾಡಿದ್ದು ಈ ಮಾತೇ. ಆದರೆ ವ್ರತವೊಂದೇ ಹೊಟ್ಟೆ ತುಂಬಿಸಲಿಲ್ಲ. ಬಾಡಿಗೆಮನೆಯ ಒಡತಿಯಲ್ಲಿ ಮತ್ತೊಂದು ತುಂಡು ರೊಟ್ಟಿ ಕೇಳಲು ಸಂಕೋಚಪಟ್ಟು ಆತ ಅರೆಹೊಟ್ಟೆಯಲ್ಲಿರುತ್ತಿದ್ದ. ಫ್ಯಾರಿಂಗ್‌ಡನ್ ಬೀದಿಯ ಸಸ್ಯಾಹಾರದ ಊಟದ ಮನೆ ದೊರೆತಾಗ ಹಸಿವು ಇಂಗಿತು. ಅಲ್ಲಿ ಕೊಂಡ ಹೆನ್ರಿ ಸಾಲ್ಟ್‌ನ ಪುಸ್ತಕವನ್ನು ಓದಿದ ಮೇಲೆ, ತಾಯಿಗಾಗಿ ಹಿಡಿದಿದ್ದ ನಿಯಮವು ಸ್ವಂತ ವಿವೇಕದ ನಿಯಮವಾಯಿತು. ಆದುದರಿಂದ ಮಕ್ಕಳಿಗೆ ನಿಯಮವನ್ನು ಕೊಡುವಾಗ ಅದರ ಕಾರಣವನ್ನೂ ತಿಳಿಸಿಕೊಡುವುದು ಲೇಸು.

ಮೂರನೆಯದು ವೇಷಭೂಷಣ ಮತ್ತು ಲೋಕಜ್ಞಾನ. 1888ರ ಸೆಪ್ಟೆಂಬರ್ 4ರಂದು ಹಡಗು ಹೊರಟಿತು. ತೀರ ಸೇರುವಾಗ ತೊಡಲೆಂದು ಆತ ಬಿಳಿಯ ಫ್ಲಾನೆಲ್ ಉಡುಪನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಅಂಥ ಬಟ್ಟೆಯನ್ನು ತೊಟ್ಟವನು ತಾನೊಬ್ಬನೇ ಎಂದು ಅರಿತು ನಾಚಿದ. ಬದಲಿಸೋಣವೆಂದರೆ ಪೆಟ್ಟಿಗೆಗಳೂ ಬೀಗದ ಕೈಗಳೂ ಮತ್ತೊಬ್ಬರ ವಶದಲ್ಲಿದ್ದವು. ಹೋಗುವ ನಾಡಿನ ಋತುವನ್ನು ಕೇಳಿ ತಿಳಿಯದೆ ಹೊಲಿಸಿದ ಬಟ್ಟೆಯ ಗತಿ ಹೀಗೆಯೇ. ಇದಕ್ಕೆ ಪ್ರತಿಯಾಗಿ, ಜೊತೆಯಲ್ಲಿ ಒಯ್ದ ನಾಲ್ಕು ಪರಿಚಯಪತ್ರಗಳು ಸಾರ್ಥಕವಾದವು. ಅವುಗಳಲ್ಲೊಂದು ಡಾ. ಪ್ರಾಣಜೀವನ ಮೆಹತಾ ಅವರಿಗೆ, ಇನ್ನೊಂದು ದಾದಾಭಾಯಿ ನವರೋಜಿಯವರಿಗೆ. ತಲುಪಿದ ದಿನವೇ ಮೆಹತಾ ಅವರು ಬಂದು ಕಂಡು, ಆ ನಾಡಿನ ನಡೆನುಡಿಗಳ ಮೊದಲ ಪಾಠವನ್ನು ಹೇಳಿದರು.

ನಾಲ್ಕನೆಯದು, ಶಾಲೆಗೆ ನೇರವಾಗಿ ಸಂಬಂಧಿಸಿದುದು: ಮಾತು. ರಾಜಕೋಟೆಯ ಹೈಸ್ಕೂಲಿನವರು ಬೀಳ್ಕೊಡುಗೆಯ ಸಮಾರಂಭವನ್ನು ಏರ್ಪಡಿಸಿದ್ದರು. ಆತ ಕೃತಜ್ಞತೆಯ ನಾಲ್ಕು ಮಾತುಗಳನ್ನು ಬರೆದುಕೊಂಡೇ ಹೋಗಿದ್ದ. ಆದರೂ ಓದುವಾಗ ತಲೆ ತಿರುಗಿ, ಮೈ ನಡುಗಿ, ತೊದಲಿದ. ಹಡಗಿನಲ್ಲಿಯೂ ಇದೇ ಸ್ಥಿತಿ. ಇಂಗ್ಲಿಷಿನಲ್ಲಿ ಮಾತನಾಡಿ ರೂಢಿಯಿಲ್ಲ. ಬಡಿಸಿದ ಭಕ್ಷ್ಯಗಳಲ್ಲಿ ಮಾಂಸವಿಲ್ಲದ್ದು ಯಾವುದೆಂದು ಕೇಳಲು ಧೈರ್ಯವಿಲ್ಲ. ಆದ್ದರಿಂದ ಕೋಣೆಯಲ್ಲೇ ಕುಳಿತು, ತಂದಿದ್ದ ಸಿಹಿತಿಂಡಿ ಹಣ್ಣುಗಳಿಂದ ದಿನ ಕಳೆದ. ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಸಮಿತಿಯ ಸದಸ್ಯನಾದ ಮೇಲೂ, ತಾನು ಬರೆದುದನ್ನು ಇನ್ನೊಬ್ಬರಿಂದ ಓದಿಸಬೇಕಾಯಿತು. ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದವನಿಗೆ ಭಾಷೆಯ ಜ್ಞಾನವಿರಲಿಲ್ಲವೆಂದಲ್ಲ, ನಾಲಗೆಗೆ ಅಭ್ಯಾಸವಿರಲಿಲ್ಲ. ಬೇಕಾದುದನ್ನು ಕೇಳುವ, ಬೇಡವಾದುದನ್ನು ವಿನಯದಿಂದ ನಿರಾಕರಿಸುವ ಶಕ್ತಿಯು ತರಗತಿಯಲ್ಲಿ ಪ್ರತಿದಿನದ ಅಭ್ಯಾಸದಿಂದ ಬರತಕ್ಕದ್ದು. ತಾಯ್ನುಡಿಯಲ್ಲಿಯೇ ಎದ್ದುನಿಂತು ನಾಲ್ಕು ಮಾತನಾಡಲು ಅಂಜುವವನಿಗೆ ಪರಭಾಷೆಯಲ್ಲಿ ಧೈರ್ಯವೆಲ್ಲಿಂದ ಬರಬೇಕು?

ಕೊನೆಯದೊಂದು ಮಾತು. ಗಾಂಧಿಯವರು 1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ಪಡೆದು, 12ರಂದು ಸ್ವದೇಶಕ್ಕೆ ಹೊರಟರು. ಮುಂಬಯಿಗೆ ಬಂದಾಗಲೇ ತಾಯಿ ತೀರಿಹೋದ ಸಂಗತಿ ಅವರಿಗೆ ತಿಳಿದದ್ದು. ಪರನಾಡಿನಲ್ಲಿ ಒಂಟಿಯಾಗಿ ಆ ದುಃಖವನ್ನು ಹೊರಬಾರದೆಂದು ಅಣ್ಣನು ಸುದ್ದಿಯನ್ನು ತಡೆದಿದ್ದನು. ದೀರ್ಘಪ್ರವಾಸಕ್ಕೆ ಹೊರಡುವವನು ಮಾತ್ರವಲ್ಲ, ಕಳುಹಿಸುವವರೂ ಅಗಲಿಕೆಗೆ ಸಿದ್ಧರಾಗಿರಬೇಕೆಂಬುದಕ್ಕೆ ಇದು ನಿದರ್ಶನ. ಇಂದು ದೂರವಾಣಿಯು ಕ್ಷಣಾರ್ಧದಲ್ಲಿ ದನಿಯನ್ನು ಮುಟ್ಟಿಸುತ್ತದೆ; ಮಗುವನ್ನು ಮುಟ್ಟಿಸಲಾರದು. ಅಲ್ಲಿ ಅವನಿಗೆ ಆಸರೆಯಾಗುವುದು ಇಲ್ಲಿ ನಾವು ಕಟ್ಟಿಕೊಟ್ಟದ್ದೇ. ದ್ರವ್ಯವನ್ನು ಹಿರಿಯರು ಒದಗಿಸಲಿ, ನಡತೆಯನ್ನು ಮನೆ ಕಲಿಸಲಿ. ಮಾತನ್ನೂ ವಿವೇಕವನ್ನೂ ಕೊಡುವ ಹೊಣೆ ಉಪಾಧ್ಯಾಯರಾದ ನಮ್ಮದು. ಈ ಬುತ್ತಿಯನ್ನು ಹೊರಡುವ ಹಿಂದಿನ ರಾತ್ರಿ ಕಟ್ಟಲಾಗುವುದಿಲ್ಲ. ಅಕ್ಷರಾಭ್ಯಾಸದ ದಿನದಿಂದಲೇ ಕಟ್ಟತೊಡಗಬೇಕು.